ನಾನು ರುಚಿ ನೋಡದ ಗ್ರೇವಿ

ಇಪ್ಪತ್ತೆರಡು ವರ್ಷ ಒಂದೇ ಮನೆಯಲ್ಲಿ ಒಂದೇ ಅಡುಗೆಯನ್ನು ತಿಂಗಳಿಗೆ ಎರಡು ಸಲವಾದರೂ ಮಾಡಿದ್ದೇನೆ, ಒಮ್ಮೆಯೂ ಅದನ್ನು ಬಾಯಿಗೆ ಹಾಕಿಕೊಂಡಿಲ್ಲ. ಹೀಗೆಂದರೆ ಜನ ನಗುತ್ತಾರೆ. ನಗಲಿ. ತಿಂದವರು ಯಾರೂ ನಕ್ಕಿಲ್ಲ, ಇನ್ನೊಂದು ಬಡಿಸು ಅಂದಿದ್ದಾರೆ.

ಆ ಅಡುಗೆಯ ಹೆಸರು ರುಲಾಡೆನ್, ಜರ್ಮನಿಯವರ ಹಬ್ಬದೂಟ. ದನದ ಮಾಂಸವನ್ನು ಅಂಗೈಗಿಂತ ದೊಡ್ಡ ಹಾಳೆಯಾಗಿ ಕೊಯ್ದು, ಅದರ ಮೇಲೆ ಅರೆದ ಸಾಸಿವೆ ಸವರಬೇಕು. ಬೇಕನ್ ಅನ್ನುವ ಉಪ್ಪು ಹಾಕಿದ ಹಂದಿಮಾಂಸದ ಒಂದು ಪಟ್ಟಿ, ಉದ್ದಕ್ಕೆ ಹೆಚ್ಚಿದ ಈರುಳ್ಳಿ, ಉಪ್ಪುನೀರಿನಲ್ಲಿ ಹಾಕಿಟ್ಟ ಎಳೆ ಸೌತೆ ಇಟ್ಟು, ಚಾಪೆ ಸುತ್ತಿದ ಹಾಗೆ ಸುತ್ತಿ ದಾರ ಕಟ್ಟಬೇಕು. ಆಮೇಲೆ ಹುರಿದು, ಎರಡು ತಾಸು ಸಣ್ಣಗೆ ಬೇಯಿಸಿ, ಆ ರಸದಲ್ಲೇ ಗ್ರೇವಿ ಮಾಡಬೇಕು. ಹೇಳುವುದಕ್ಕೆ ನಾಲ್ಕು ಮಾತು, ಕಲಿಯುವುದಕ್ಕೆ ನನಗೆ ನಾಲ್ಕು ವರ್ಷ ಹಿಡಿಯಿತು.

ನಾನು ಮಲ್ಪೆಯವನು, ಹೆಸರು ಸದಾ. ಅಪ್ಪ ದೋಣಿಗೆ ಹೋಗುತ್ತಿದ್ದರು, ಮಳೆಗಾಲದಲ್ಲಿ ಬಲೆ ನೇಯುತ್ತಿದ್ದರು. ನಮ್ಮ ಮನೆಯಲ್ಲಿ ಮೀನು, ಕೋಳಿ ಎಲ್ಲ ಉಂಟು, ದನದ ಮಾಂಸ ಇಲ್ಲ. ಜಪಾನಿನ ಕೋಬೆಗೆ ಬಂದದ್ದು ಮುತ್ತಿನ ವ್ಯಾಪಾರದ ಒಬ್ಬ ಗುಜರಾತಿ ಶೇಠರ ಮನೆಯ ಅಡುಗೆಗೆ. ಅಲ್ಲಿ ಈರುಳ್ಳಿಗೂ ಪ್ರವೇಶವಿರಲಿಲ್ಲ. ಶೇಠರು ವ್ಯಾಪಾರ ಮುಚ್ಚಿ ಊರಿಗೆ ಹೊರಟಾಗ, ಅದೇ ಗುಡ್ಡದ ಏರಿನಲ್ಲಿ ಎರಡು ಮನೆ ಕೆಳಗಿದ್ದ ಜರ್ಮನ್ ಹೆಂಗಸು ನನ್ನನ್ನು ಕರೆಸಿದರು. ಅವರ ಹೆಸರು ಇಂಗೆ, ನಾನು ಮೇಡಂ ಅನ್ನುತ್ತಿದ್ದೆ. ಗಂಡ, ಅಂದರೆ ನಮ್ಮ ಸಾಹೇಬರು, ಯಂತ್ರಗಳ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ನಿವೃತ್ತಿಯಾದ ಮೇಲೂ ಇಬ್ಬರೂ ಕೋಬೆ ಬಿಟ್ಟಿರಲಿಲ್ಲ.

ಮೊದಲ ದಿನವೇ ನಾನು ಹೇಳಿಬಿಟ್ಟೆ: "ಮೇಡಂ, ನಾನು ದನದ ಮಾಂಸ ಮುಟ್ಟುತ್ತೇನೆ, ಕೊಯ್ಯುತ್ತೇನೆ, ಬೇಯಿಸುತ್ತೇನೆ. ತಿನ್ನುವುದಿಲ್ಲ."

ಮೇಡಂ ಕನ್ನಡಕ ಮೂಗಿನ ತುದಿಗೆ ಇಳಿಸಿ ನನ್ನನ್ನು ನೋಡಿದರು. "ರುಚಿ?"

"ಅದು ನಿಮ್ಮದು."

"ಸರಿ. ಕೈ ನಿನ್ನದು, ನಾಲಿಗೆ ನನ್ನದು," ಅಂದರು. ನಮ್ಮ ಸಂದರ್ಶನ ಅಷ್ಟೇ.

ಈಗ ನಮ್ಮ ಕಡೆಯಿಂದ ಇಲ್ಲಿಗೆ ಅಡುಗೆ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ನನಗೆ ಫೋನ್ ಮಾಡುತ್ತಾರೆ. ಸಂಬಳ ಎಷ್ಟು, ರಜೆ ಎಷ್ಟು, ವೀಸಾ ಹೇಗೆ ಎಂದು ಕೇಳುತ್ತಾರೆ. ಅದನ್ನೆಲ್ಲ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಅಡುಗೆಮನೆಯಲ್ಲಿ ನಾನು ಎಲ್ಲೆಲ್ಲಿ ಮುಗ್ಗರಿಸಿದೆ ಅನ್ನುವುದನ್ನು ಹೇಳುವವನು ನಾನೊಬ್ಬನೇ, ಹಾಗಾಗಿ ಅದನ್ನೇ ಬರೆಯುತ್ತೇನೆ.

ಮೊದಲ ಎಡವಟ್ಟು ಮಾಂಸದ್ದು. ಇಲ್ಲಿಯ ಅಂಗಡಿಗಳಲ್ಲಿ ಮಾಂಸವನ್ನು ಕಾಗದದ ಹಾಗೆ ತೆಳ್ಳಗೆ ಕೊಯ್ದು ಜೋಡಿಸಿ ಇಟ್ಟಿರುತ್ತಾರೆ. ತೆಳ್ಳಗಿನದು ಬೇಕು ಅಂದಿದ್ದರಲ್ಲ ಎಂದು ನಾನು ಅದರಲ್ಲೇ ಅತಿ ದುಬಾರಿಯದನ್ನು, ಕೆಂಪಿನ ನಡುವೆ ಬಿಳಿ ಕೊಬ್ಬು ಹರಡಿಕೊಂಡದ್ದನ್ನು ತಂದೆ. ಸುತ್ತಿದೆ, ಕಟ್ಟಿದೆ, ಬೇಯಲು ಇಟ್ಟೆ. ಎರಡು ತಾಸಿನ ಮೇಲೆ ಮುಚ್ಚಳ ತೆಗೆದರೆ ದಾರ ಇದೆ, ಸೌತೆ ಇದೆ, ಈರುಳ್ಳಿ ಇದೆ, ರುಲಾಡೆನ್ ಇಲ್ಲ. ಮಾಂಸವೆಲ್ಲ ಕರಗಿ ಸಾರಿನಲ್ಲಿ ಸೇರಿಹೋಗಿತ್ತು. ಸಾಹೇಬರು ಬಂದು ಪಾತ್ರೆಯೊಳಗೆ ಇಣುಕಿ, ಹೋಗಿ ಬ್ರೆಡ್ಡು ಬೆಣ್ಣೆ ತಿಂದರು.

ಮರುದಿನ ಅದೇ ಮಾಂಸದಂಗಡಿಗೆ ಹೋದೆ. ಯಜಮಾನ ನಿಶಿದಾ ಸಾನ್, ನಮ್ಮಲ್ಲಿ ಹೆಸರಿಗೆ ರಾಯರು ಸೇರಿಸುವ ಹಾಗೆ ಇಲ್ಲಿ ಸಾನ್; ಕತ್ತಿಗಿಂತ ಮಾತು ಹರಿತ. ನಾನು ಏನು ಮಾಡಿದೆ ಅಂತ ಕೈಸನ್ನೆಯಲ್ಲೂ ಹರಕು ಜಪಾನಿ ಭಾಷೆಯಲ್ಲೂ ಹೇಳಿದೆ.

"ಎರಡು ತಾಸು? ಇದನ್ನಾ?" ಅವರು ಎದೆಗೆ ಕೈ ಇಟ್ಟುಕೊಂಡರು. "ದಾಮೆ, ದಾಮೆ! ಹಾಗೆ ಮಾಡಬಾರದು! ಇದು ಅರ್ಧ ನಿಮಿಷದ ಮಾಂಸ, ಸದಾ ಸಾನ್. ಎರಡು ತಾಸು ಕುದಿಸುವುದಕ್ಕೆ ನಿಮಗೆ ನಾಚಿಕೆಯಾಗಬೇಕು, ಪಾಪ ದನಕ್ಕಲ್ಲ."

ಆಮೇಲೆ ಒಳಗೆ ಹೋಗಿ ಗಿರಾಕಿಗಳು ಕೇಳದೆ ಬಿದ್ದಿದ್ದ ತೊಡೆಯ ಭಾಗ ತಂದರು. ಕೊಬ್ಬಿಲ್ಲದ್ದು, ಕೆಂಪಗೆ, ಗಟ್ಟಿ. ಚಪಾತಿಯಷ್ಟು ದಪ್ಪಕ್ಕೆ ಕೊಯ್ದು ಕೊಟ್ಟರು. ಹೆಚ್ಚು ಬೆಲೆಯದು ಎಲ್ಲಕ್ಕೂ ಒಳ್ಳೆಯದು ಎಂದುಕೊಂಡಿದ್ದ ನನಗೆ ಅವತ್ತು ಬುದ್ಧಿ ಬಂತು. ಅಲ್ಲಿಂದ ಮುಂದೆ ನಿಶಿದಾ ಸಾನ್ ಪ್ರತಿ ಹೊಸ ವರ್ಷಕ್ಕೆ ಅಂಗಡಿಯ ಗೋಡೆ ಕ್ಯಾಲೆಂಡರ್ ಒಂದನ್ನು ನನಗೆಂದು ಸುತ್ತಿ ಇಟ್ಟಿರುತ್ತಿದ್ದರು. ಅದನ್ನು ಅಡುಗೆಮನೆಯ ಗೋಡೆಗೆ ತೂಗು ಹಾಕುತ್ತಿದ್ದೆ. ಆ ಕ್ಯಾಲೆಂಡರ್‌ಗಳ ಮಾತು ಆಮೇಲೆ ಬರುತ್ತದೆ.

ಸಾಸಿವೆಯ ವಿಷಯದಲ್ಲಿ ನನಗೆ ಸ್ವಲ್ಪ ಅಹಂಕಾರ ಇತ್ತು. ಸಾಸಿವೆ ಗೊತ್ತಿಲ್ಲದವರು ನಮ್ಮೂರಲ್ಲಿ ಯಾರು? ಒಮ್ಮೆ ಜರ್ಮನ್ ಬಾಟಲಿ ಖಾಲಿಯಾಗಿತ್ತು. ಕೊಂಬಿನಿಗೆ, ಅಂದರೆ ಇಲ್ಲಿಯ ಹಗಲುರಾತ್ರಿ ತೆರೆದಿರುವ ಅಂಗಡಿಗೆ ಓಡಿ, ಅಲ್ಲಿ ಸಿಕ್ಕಿದ ಹಳದಿ ಟ್ಯೂಬ್ ತಂದು ಧಾರಾಳವಾಗಿ ಸವರಿದೆ. ಅದು ಇವರು ಮೀನಿನ ಉಂಡೆಗೆ, ಹಂದಿಮಾಂಸಕ್ಕೆ ಕಡಲೆಕಾಳಿನಷ್ಟು ಮುಟ್ಟಿಸಿ ತಿನ್ನುವ ಸಾಸಿವೆ, ಮೂಗಿನೊಳಗೆ ಹೋಗಿ ತಲೆಗೆ ಹೊಡೆಯುತ್ತದೆ. ಮೇಡಂ ಮೊದಲ ತುತ್ತಿಗೆ ಎದ್ದು ನಿಂತರು, ಸಾಹೇಬರಿಗೆ ಕಣ್ಣಲ್ಲಿ ಧಾರಾಕಾರ. ಆದರೂ ಇಬ್ಬರೂ ಪೂರ್ತಿ ತಿಂದರು. ಸಾಹೇಬರು ಮೂಗು ಒರೆಸಿಕೊಳ್ಳುತ್ತಾ, "ಹದಿನೈದು ದಿನದ ನೆಗಡಿ ಬಿಟ್ಟಿತು ಸದಾ, ಆದರೆ ಮುಂದಿನ ಸಲ ಮಾತ್ರೆಯನ್ನೇ ಕೊಡು," ಅಂದರು.

ಆದರೆ ನಿಜವಾಗಿ ನನ್ನ ಮಾನ ಕಳೆದದ್ದು ದಾರ. ಬಲೆ ನೇಯುವವನ ಮಗ ನಾನು, ಗಂಟು ಹಾಕುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹತ್ತಿಯ ದಾರ ಹುರಿಯುವಾಗ ಸುಟ್ಟು ಕಡಿಯುತ್ತದೆ, ಒದ್ದೆಯಾದರೆ ಸಡಿಲವಾಗುತ್ತದೆ ಎಂದು ನನಗೆ ಅದರ ಮೇಲೆ ಸಿಟ್ಟು. ಬಂದರಿನ ಹತ್ತಿರ ಗಾಳ ಮಾರುವ ಅಂಗಡಿಯಲ್ಲಿ ಮೀನು ಹಿಡಿಯುವ ನೈಲಾನ್ ಎಳೆ ಕಂಡಿತು. ಸಣ್ಣ, ಗಟ್ಟಿ, ನಮ್ಮಪ್ಪ ಬಳಸುತ್ತಿದ್ದುದರ ಅಣ್ಣತಮ್ಮ. ತಂದು ಬಲೆಯ ಗಂಟು ಹಾಕಿ ಹತ್ತು ರುಲಾಡೆ ಕಟ್ಟಿದೆ. ಎಷ್ಟು ಚಂದ ಕೂತಿತ್ತು ಅಂದರೆ, ಫೋಟೋ ತೆಗೆದು ಹೆಂಡತಿ ಸುಮತಿಗೆ ಕಳಿಸಿದ್ದೆ.

ಗ್ರೇವಿಯಲ್ಲಿ ಬೆಂದ ಮೇಲೆ ಆ ಎಳೆ ಕಣ್ಣಿಗೇ ಕಾಣಲಿಲ್ಲ. ಒಂಬತ್ತರದ್ದು ತಡಕಾಡಿ ತೆಗೆದೆ. ಹತ್ತನೆಯದು ಅತಿಥಿಯಾಗಿ ಬಂದಿದ್ದ ಕಂಪನಿಯ ಹಿರಿಯರೊಬ್ಬರ ತಟ್ಟೆಗೆ ಹೋಯಿತು. ಅವರು ಅಗಿಯುತ್ತಾ ಅಗಿಯುತ್ತಾ ತಟ್ಟನೆ ನಿಲ್ಲಿಸಿದರು. ಬೆರಳು ಹಾಕಿ ಎಳೆದರು. ಎಳೆದಷ್ಟೂ ಬಂತು. ಮೇಜಿನ ಸುತ್ತ ಎಂಟು ಜನ ಉಸಿರು ಹಿಡಿದು ನೋಡುತ್ತಿದ್ದಾರೆ, ಒಬ್ಬ ದೊಡ್ಡ ಮನುಷ್ಯ ಬಾಯಿಂದ ಗಾಳದ ಎಳೆ ಎಳೆಯುತ್ತಿದ್ದಾರೆ. ಬಾಗಿಲ ಸಂದಿಯಲ್ಲಿ ನಿಂತಿದ್ದ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮನೆಗೆ ಹೋಗಿ ಸುಮತಿಗೆ ಹೇಳಿದರೆ ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ನೀವು ಅಡುಗೆಗೆ ಹೋದದ್ದಾ, ಮೀನು ಹಿಡಿಲಿಕ್ಕೆ ಹೋದದ್ದಾ ಮಾರಾಯ್ರೆ? ಎಷ್ಟು ದೊಡ್ಡದು ಸಿಕ್ಕಿತು?"

ಮೇಡಂ ಬೈಯಲಿಲ್ಲ. ಮರುದಿನ ಬಿಳಿ ಹತ್ತಿ ದಾರದ ಉಂಡೆ ಮೇಜಿನ ಮೇಲೆ ಇಟ್ಟು, "ಕಟ್ಟುವಾಗ ಎಣಿಸು, ಬಿಚ್ಚುವಾಗ ಎಣಿಸು," ಅಂದರು. ಹೊಸಬರಿಗೆ ನಾನು ಕೊಡುವ ಮೊದಲ ಪಾಠ ಇದೇ. ಅಡುಗೆಯ ಒಳಗೆ ನೀವು ಇಟ್ಟದ್ದು ಎಲ್ಲವೂ ಹೊರಗೆ ಬಂದಿದೆಯೇ ಎಂದು ನೋಡದೆ ಬಡಿಸಬೇಡಿ.

ರುಚಿ ನೋಡದವನು ಬೇರೆಲ್ಲವನ್ನೂ ನೋಡಬೇಕಾಗುತ್ತದೆ. ಸೌಟಿನ ಹಿಂಬದಿಯಲ್ಲಿ ಬೆರಳಿನಿಂದ ಗೆರೆ ಎಳೆದರೆ ಗೆರೆ ನಿಲ್ಲಬೇಕು, ಆಗ ಗ್ರೇವಿ ದಪ್ಪಕ್ಕೆ ಬಂದಿದೆ. ಟೊಮೆಟೊ ಪೇಸ್ಟ್ ಹುರಿಯುವಾಗ ಹುಳಿ ವಾಸನೆ ಹೋಗಿ ಬೆಲ್ಲದ ವಾಸನೆ ಬರಬೇಕು, ಆಮೇಲೆ ಕೆಂಪು ವೈನ್. ಹತ್ತನೆಯ ವರ್ಷ ಗ್ಯಾಸ್ ಒಲೆ ತೆಗೆದು, ಬೆಂಕಿಯೇ ಕಾಣದ ಗಾಜಿನ ಒಲೆ ಹಾಕಿಸಿದರು. ಉರಿ ನೋಡಿ ಅಭ್ಯಾಸವಾದವನಿಗೆ ಕಣ್ಣು ಕಟ್ಟಿದ ಹಾಗಾಯಿತು. ಒಂದು ತಿಂಗಳು ಪಾತ್ರೆಯ ಪಕ್ಕದಲ್ಲಿ ಕಿವಿ ಇಟ್ಟು ನಿಂತು, ಕುದಿಯುವ ಸದ್ದಿನಲ್ಲೇ ಅಳತೆ ಕಲಿತೆ. ಬೇಗ ಆಗಲಿ ಎಂದು ಒಮ್ಮೆ ಊರಿನಿಂದ ಪ್ರೆಷರ್ ಕುಕ್ಕರ್ ತಂದಿದ್ದೆ. ಮೊದಲ ವಿಷಲ್‌ಗೆ ಮೇಡಂ ಮಹಡಿಯಿಂದ ಓಡಿ ಬಂದರು, ಎರಡನೆಯದಕ್ಕೆ ಪಕ್ಕದ ಮನೆಯವರು ಬಂದರು. ಎಲುಬಿನ ಸಾರು ತೆಗೆಯಲು ಮಾತ್ರ ಅದಕ್ಕೆ ಅನುಮತಿ ಸಿಕ್ಕಿತು, ಅದೂ ಎಲ್ಲ ಕಿಟಕಿ ಮುಚ್ಚಿ.

ಬೆಂಗಳೂರಿನಿಂದ ಬಂದ ಸಾಫ್ಟ್‌ವೇರ್ ಹುಡುಗನೊಬ್ಬ ಇಲ್ಲಿಯ ಕನ್ನಡಿಗರ ಯುಗಾದಿ ಊಟದಲ್ಲಿ ನನ್ನ ಪಕ್ಕ ಕೂತು, "ಟೇಸ್ಟ್ ಮಾಡ್ದೆ ಹೇಗೆ ಕುಕ್ ಮಾಡ್ತೀರಾ ಅಂಕಲ್? ಲಾಜಿಕಲಿ ಪಾಸಿಬಲ್ಲೇ ಇಲ್ಲ," ಅಂದ.

"ನೀವು ಬ್ಯಾಂಕಿಗೆ ಸಾಫ್ಟ್‌ವೇರ್ ಮಾಡುದಲ್ವಾ?" ಅಂದೆ. "ಆ ಬ್ಯಾಂಕಲ್ಲಿ ನಿಮ್ದು ಖಾತೆ ಉಂಟಾ?"

ಅವನು ಹೋಳಿಗೆ ಕಡೆ ಗಮನ ಕೊಟ್ಟ.

ಆದರೆ ಉಪ್ಪು ಒಂದು ಮಾತ್ರ ಮೂಗಿಗೂ ಸಿಗುವುದಿಲ್ಲ, ಕಣ್ಣಿಗೂ ಸಿಗುವುದಿಲ್ಲ. ಅದಕ್ಕೆ ಮೇಡಂ ಬೇಕಾಗಿತ್ತು. ಸಂಜೆ ನಾಲ್ಕು ಗಂಟೆಗೆ ಸರಿಯಾಗಿ ಅವರು ಅಡುಗೆಮನೆಗೆ ಬರುತ್ತಿದ್ದರು. ತಮ್ಮದೇ ಒಂದು ಸಣ್ಣ ಬೆಳ್ಳಿ ಚಮಚ ತರುತ್ತಿದ್ದರು. ಒಂದು ತೊಟ್ಟು ತೆಗೆದು, ಊದಿ, ಕಣ್ಣು ಮುಚ್ಚಿ ನಾಲಿಗೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಆಮೇಲೆ "ಇನ್ನೂ" ಅನ್ನುತ್ತಿದ್ದರು, ಇಲ್ಲವಾದರೆ "ಸಾಕು". ಈ ಎರಡು ಕನ್ನಡ ಪದ ನಾನೇ ಕಲಿಸಿದ್ದು. ಬೇರೆ ಕನ್ನಡ ಅವರಿಗೆ ಬರುತ್ತಿರಲಿಲ್ಲ, ಬೇಕಾಗಲೂ ಇಲ್ಲ.

ನಾನೂ ಸುಮ್ಮನಿರುವವನಲ್ಲ. ಅವರು ಬರುವ ಮುಂಚೆ, ಎಷ್ಟು ಉಪ್ಪಿಗೆ ಸಾಕು ಅನ್ನುತ್ತಾರೆ ಎಂದು ಅಂದಾಜು ಕಟ್ಟುತ್ತಿದ್ದೆ. ನಿಶಿದಾ ಸಾನ್ ಕೊಟ್ಟ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೆ: ಎಷ್ಟು ರುಲಾಡೆ, ಎಷ್ಟು ಲೋಟ ಸಾರು, ನನ್ನ ಅಂದಾಜು ಎಷ್ಟು ಚಮಚ, ಮೇಡಂ ಸಾಕು ಅಂದದ್ದು ಎಷ್ಟಕ್ಕೆ. ಮೊದಲ ವರ್ಷಗಳಲ್ಲಿ ಎರಡೂ ಅಜಗಜಾಂತರ. ಬರಬರುತ್ತಾ ಹತ್ತಿರ ಬಂದವು. ಎಂಟನೆಯ ವರ್ಷದಿಂದ ಎರಡೂ ಒಂದೇ. ಆಗ ನನಗೆ ಎಷ್ಟು ಖುಷಿಯಾಗುತ್ತಿತ್ತು ಅಂದರೆ, ಚೌಕದಲ್ಲಿ ಒಂದು ಸಣ್ಣ ಮೀನು ಬಿಡಿಸುತ್ತಿದ್ದೆ. ವರ್ಷ ಮುಗಿದ ಕ್ಯಾಲೆಂಡರನ್ನು ಎಸೆಯಲು ಮನಸ್ಸು ಬರದೆ ಸುತ್ತಿ, ಕಪಾಟಿನ ಮೇಲೆ ಇಡುತ್ತಿದ್ದೆ.

ಹದಿನೆಂಟನೆಯ ವರ್ಷದ ಜೂನ್ ಮಳೆಯಲ್ಲಿ ಮೇಡಂಗೆ ಜ್ವರ ಬಂದು ಹೋಯಿತು. ಎದ್ದ ಮೇಲೆ ಮೊದಲ ರುಲಾಡೆನ್ ದಿನ ಚಮಚ ಬಾಯಲ್ಲಿಟ್ಟು, "ಇನ್ನೂ" ಅಂದರು. ನನ್ನ ಅಂದಾಜು ದಾಟಿತ್ತು. ಹಾಕಿದೆ. "ಇನ್ನೂ." ಮತ್ತೆ ಹಾಕಿದೆ. ಆ ಚೌಕದಲ್ಲಿ ಮೀನು ಬರಲಿಲ್ಲ. ನನ್ನ ಅಳತೆ ಕೆಟ್ಟಿತು, ನನಗೆ ವಯಸ್ಸಾಯಿತು ಎಂದುಕೊಂಡೆ. ಎರಡು ಮೂರು ತಿಂಗಳು ಹಾಗೇ ಹೋಯಿತು. ಅಷ್ಟು ವರ್ಷದಲ್ಲಿ ನನ್ನ ಕೈ ನನಗೇ ಅನುಮಾನವಾದದ್ದು ಅದೊಂದೇ ಕಾಲ.

ಗುಟ್ಟು ಹೇಳಿದ್ದು ತಟ್ಟೆಗಳು. ಅತಿಥಿಗಳ ತಟ್ಟೆಯಲ್ಲಿ ಗ್ರೇವಿ ಹಾಗೇ ಉಳಿದು ವಾಪಸು ಬರತೊಡಗಿತು. ನೀರಿನ ಹೂಜಿ ಮೂರು ಸಲ ತುಂಬಬೇಕಾಯಿತು. ಒಂದು ದಿನ ಸಣ್ಣ ಡಬ್ಬಿಯಲ್ಲಿ ಗ್ರೇವಿ ತುಂಬಿಕೊಂಡು ನಿಶಿದಾ ಸಾನ್ ಅಂಗಡಿಗೆ ಹೋದೆ. ಅವರು ಒಂದು ಬೆರಳು ಅದ್ದಿ ನೆಕ್ಕಿದರು. ಅಷ್ಟು ಮಾತಾಡುವ ಮನುಷ್ಯ ಆ ದಿನ ಮೆತ್ತಗೆ ಕೇಳಿದರು, "ಓಕುಸಾಮಾ ಹುಷಾರಾಗಿದ್ದಾರಾ?" ನಿಮ್ಮ ಮನೆಯೊಡತಿ ಅಂತ. ನನಗೆ ಅರ್ಥವಾಯಿತು, ಕೆಟ್ಟದ್ದು ನನ್ನ ಅಳತೆಯಲ್ಲ, ಮೇಡಂ ನಾಲಿಗೆ.

ಹೇಳುವುದು ಹೇಗೆ? ಸಾಹೇಬರು ತೀರಿಹೋಗಿ ಆಗಲೇ ಬಹಳ ವರ್ಷವಾಗಿತ್ತು. ಅವರನ್ನು ಇಲ್ಲಿಯ ಗುಡ್ಡದಲ್ಲೇ ಮಣ್ಣು ಮಾಡಿದ್ದರು. ಜರ್ಮನಿಯಲ್ಲಿದ್ದ ಮಗಳು ಕಾರಿನ್ ಪ್ರತಿ ಫೋನಿನಲ್ಲೂ "ಒಬ್ಬಳೇ ಹೇಗಿರುತ್ತೀಯಮ್ಮ, ಇಲ್ಲಿ ಒಳ್ಳೆಯ ವೃದ್ಧಾಶ್ರಮ ನೋಡಿದ್ದೇನೆ," ಅನ್ನುತ್ತಿದ್ದರು. ಊಟಕ್ಕೆ ಬಂದಿದ್ದ ಮೇಡಂ ಗೆಳತಿಯೊಬ್ಬರು, ನಿನ್ನ ತಾಯಿಗೆ ಈಗೀಗ ಏನೂ ಗೊತ್ತಾಗುವುದಿಲ್ಲ, ಸಮುದ್ರದಷ್ಟು ಉಪ್ಪು ಹಾಕಿಸುತ್ತಾರೆ ಎಂದು ಅವರಿಗೆ ಬರೆದುಬಿಟ್ಟಿದ್ದರು. ಕ್ರಿಸ್‌ಮಸ್‌ಗೆ ಕಾರಿನ್ ಬರುವುದು ನಿಶ್ಚಯವಾಯಿತು, ಆಶ್ರಮದ ಅರ್ಜಿಯ ಜೊತೆಗೆ.

"ಅವಳು ನನ್ನನ್ನು ನೋಡಲು ಬರುತ್ತಿಲ್ಲ, ಪರೀಕ್ಷೆ ಮಾಡಲು ಬರುತ್ತಿದ್ದಾಳೆ," ಅಂದರು ಮೇಡಂ. "ಸದಾ, ಅವತ್ತು ರುಲಾಡೆನ್ ಮಾಡು. ಈ ಮನೆ ಸರಿಯಾಗಿ ನಡೆಯುತ್ತಿದೆ ಅಂತ ಅವಳಿಗೆ ಗೊತ್ತಾಗಲಿ. ನಾನು ಅವರನ್ನು ಗುಡ್ಡದ ಮೇಲೆ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ."

ಆ ರಾತ್ರಿ ಸುಮತಿಗೆ ಹೇಳಿದೆ: "ಉಪ್ಪು ಹಾಕಿದ ಹಾಗೆ ಕೈ ಆಡಿಸಿ ಅಂಗೈಯಲ್ಲೇ ಇಟ್ಕೊಂಡ್ರಾಯ್ತು. ಅವರಿಗೆ ಹೇಗೂ ಗೊತ್ತಾಗುದಿಲ್ಲ."

"ಗೊತ್ತಾಗುದಿಲ್ಲ, ಅದಕ್ಕೇ ಹಾಗೆ ಮಾಡ್ಲಿಕ್ಕಾಗುದಿಲ್ಲ," ಅಂದಳು ಅವಳು. "ನಾಳೆ ಅವರಿಗೆ ಬೇರೆ ಯಾರೋ ಹೇಳಿದ್ರೆ? ಇಷ್ಟು ವರ್ಷ ಅನ್ನ ಹಾಕಿದವರಿಗೆ ಮೋಸ ಮಾಡುದಾ?"

ಮರುದಿನ ನಾಲ್ಕು ಗಂಟೆಗೆ ಚಮಚ ಹಿಡಿದು ಬಂದ ಮೇಡಂಗೆ ಕುರ್ಚಿ ಎಳೆದು ಕೊಟ್ಟೆ. "ಮೇಡಂ, ಉಪ್ಪು ಹೆಚ್ಚಾಗುತ್ತಿದೆ. ಜ್ವರದ ನಂತರದಿಂದ."

ಅವರ ಮುಖ ಕೆಂಪಾಯಿತು. "ಯಾರು ಹೇಳಿದ್ದು?"

"ತಟ್ಟೆಗಳು. ನಿಶಿದಾ ಸಾನ್ ಕೂಡ."

"ಹದಿನೆಂಟು ವರ್ಷ ಒಂದು ತೊಟ್ಟು ಬಾಯಿಗೆ ಹಾಕದವನು ನೀನು. ನನಗೆ ರುಚಿ ಹೇಳಿಕೊಡುತ್ತೀಯಾ?" ಚಮಚ ಮೇಜಿನ ಮೇಲೆ ಎಸೆದು ಎದ್ದು ಹೋದರು. ಬೇರೆ ಯಾರು ಹಾಗೆ ಅಂದಿದ್ದರೂ ನಾನು ತಡೆದುಕೊಳ್ಳುತ್ತಿದ್ದೆ. ಅವರ ಬಾಯಲ್ಲಿ ಆ ಮಾತು ಕೇಳಿ ನನಗೆ ಅಳು ಬಂತು, ಈರುಳ್ಳಿ ಹೆಚ್ಚುವ ನೆಪ ಹುಡುಕಿಕೊಂಡೆ.

ಮಾರನೆಯ ದಿನ ಬೆಳಿಗ್ಗೆ ನಾನು ಬರುವಾಗ ಮೇಡಂ ಅಡುಗೆಮನೆಯಲ್ಲೇ ಕೂತಿದ್ದರು. ಮುಂದೆ ಉಪ್ಪಿನ ಡಬ್ಬಿ ತೆರೆದಿತ್ತು. "ಬರೀ ಉಪ್ಪು ತಿಂದು ನೋಡಿದೆ," ಅಂದರು. "ಮರಳು ತಿಂದ ಹಾಗಾಯಿತು." ಡಬ್ಬಿಯ ಮುಚ್ಚಳ ಹಾಕಿ, "ನನ್ನ ನಾಲಿಗೆ ಹೋಯಿತು, ಸದಾ. ನಿನಗೆ ನಾಲಿಗೆ ಇಲ್ಲ. ಈಗ ಈ ಮನೆಯಲ್ಲಿ ಉಪ್ಪು ಹಾಕುವವರು ಯಾರು?" ಅಂದರು.

"ನಿಮ್ಮ ನಾಲಿಗೆ ಎಲ್ಲೂ ಹೋಗಿಲ್ಲ ಮೇಡಂ," ಅಂದೆ. ಸ್ಟೂಲ್ ಹತ್ತಿ ಕಪಾಟಿನ ಮೇಲಿಂದ ಕ್ಯಾಲೆಂಡರುಗಳನ್ನೆಲ್ಲ ಇಳಿಸಿದೆ. ಮೇಜಿನ ಮೇಲೆ ಬಿಡಿಸಿದರೆ ಸುರುಳಿ ಸುತ್ತಿಕೊಂಡು ಹೋಗುತ್ತಿದ್ದವು, ನಾಲ್ಕು ಮೂಲೆಗೆ ಆಲೂಗಡ್ಡೆ ಇಟ್ಟೆ. ಒಂದೊಂದೇ ಚೌಕ ತೋರಿಸಿ ಓದಿ ಹೇಳಿದೆ. ಆರು ರುಲಾಡೆ, ಇಷ್ಟು ಸಾರು, ಎರಡು ಚಮಚ, ಸಾಕು. ಹತ್ತು ರುಲಾಡೆ, ಇಷ್ಟು ಸಾರು, ಮೂರೂವರೆ, ಸಾಕು.

ಅವರು ಕೇಳುತ್ತಾ ಕೇಳುತ್ತಾ ಹಳೆಯ ಕ್ಯಾಲೆಂಡರೊಂದನ್ನು ಎಳೆದುಕೊಂಡರು. ನವೆಂಬರ್ ಹಾಳೆ ತೆಗೆದು ಒಂದು ಚೌಕದ ಮೇಲೆ ಬೆರಳಿಟ್ಟರು. "ಇದು?"

"ಎಂಟು ರುಲಾಡೆ, ಮೇಡಂ. ಆರು ಲೋಟ ಸಾರು. ಎರಡು ಮುಕ್ಕಾಲು ಚಮಚ ಉಪ್ಪು. ನನ್ನ ಅಂದಾಜು ನಾಲ್ಕಿತ್ತು, ನೀವು ತಡೆದಿರಿ. ಸಾಕು ಅಂತ ಬರೆದಿದ್ದೇನೆ."

"ನಿನ್ನ ಸಾಹೇಬರ ಕೊನೆಯ ಹುಟ್ಟುಹಬ್ಬ. ಅವತ್ತು ಮೂರು ತಿಂದರು." ಬೆರಳು ಅಲ್ಲೇ ಇತ್ತು. "ಇದನ್ನೇ ಮಾಡು."

ಕಾರಿನ್ ಬಂದರು. ತಾಯಿಯ ಹಾಗೇ ಎತ್ತರ, ತಾಯಿಯ ಹಾಗೇ ಕನ್ನಡಕದ ಮೇಲಿಂದ ನೋಡುವವರು. ಕ್ರಿಸ್‌ಮಸ್ ದಿನ ನಿಶಿದಾ ಸಾನ್ ತಾವೇ ಮಾಂಸ ಕೊಯ್ದು ಮನೆಗೆ ತಂದುಕೊಟ್ಟರು. ಎಂಟು ರುಲಾಡೆ, ಹದಿನಾರು ದಾರ, ಆರು ಲೋಟ ಸಾರು. ಉಪ್ಪನ್ನು ಚಾಕುವಿನಿಂದ ಸಮ ಮಾಡಿ ಅಳೆದು ಹಾಕಿದೆ. ನಾಲ್ಕು ಗಂಟೆಗೆ ಮೇಡಂ ಬೆಳ್ಳಿ ಚಮಚ ಹಿಡಿದು ಬಂದರು. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮೇಡಂ ಒಂದು ತೊಟ್ಟು ತೆಗೆದು, ಊದಿ, ಕಣ್ಣು ಮುಚ್ಚಿ ನಾಲಿಗೆಯ ಮೇಲೆ ಇಟ್ಟುಕೊಂಡರು. ಅವರಿಗೆ ಬಿಸಿಯೊಂದು ಬಿಟ್ಟು ಬೇರೇನೂ ಗೊತ್ತಾಗಲಿಲ್ಲ ಎಂಬುದು ನನಗೆ ಗೊತ್ತು. "ಸಾಕು," ಅಂದರು.

ಊಟಕ್ಕೆ ಬಡಿಸಿ ನಾನು ಪಕ್ಕದಲ್ಲೇ ನಿಂತೆ. ಹದಿನಾರು ದಾರ ಬಿಚ್ಚಿ ಎಣಿಸಿ ಆಗಿತ್ತು, ಅದರ ಚಿಂತೆ ಇರಲಿಲ್ಲ. ಕಾರಿನ್ ಒಂದು ತುಂಡು ಕತ್ತರಿಸಿ ಬಾಯಿಗೆ ಹಾಕಿಕೊಂಡರು. ಅಗಿದರು. ಇನ್ನೊಂದು ತುಂಡು. ಆಮೇಲೆ ಆಲೂಗಡ್ಡೆಯನ್ನು ಗ್ರೇವಿಯಲ್ಲಿ ಅದ್ದಿ ಅದ್ದಿ ತಟ್ಟೆ ಖಾಲಿ ಮಾಡಿ, ಅದನ್ನು ನನ್ನ ಕಡೆ ಚಾಚಿದರು. ಎರಡನೆಯದನ್ನು ಬಡಿಸುವಾಗ ತಾಯಿಯ ಕಡೆ ತಿರುಗಿದರು.

"ಅಪ್ಪ ಇದ್ದಾಗಿನ ಹಾಗೇ ಇದೆಯಮ್ಮ. ನಿನಗೆ ರುಚಿ ಗೊತ್ತಾಗುವುದಿಲ್ಲ ಅಂದರಲ್ಲ? ಇದಕ್ಕೆ ಉಪ್ಪು ನೋಡಿದ್ದು ಯಾರು?"

"ರುಚಿ ಗೊತ್ತಾಗುವುದಿಲ್ಲ, ಅದು ನಿಜ," ಅಂದರು ಮೇಡಂ. "ಉಪ್ಪು ನೋಡಿದ್ದು ನಾನೇ. ಹದಿನಾಲ್ಕು ವರ್ಷದ ಹಿಂದೆ."

ಕಾರಿನ್ ಇಬ್ಬರ ಮುಖವನ್ನೂ ನೋಡಿದರು. ಮೇಡಂ ಎದ್ದು ಅಡುಗೆಮನೆಯಿಂದ ಆ ಕ್ಯಾಲೆಂಡರ್ ತಂದು ತಟ್ಟೆಗಳ ನಡುವೆ ಬಿಡಿಸಿದರು. ತಾಯಿ ಮಗಳು ಅದರ ಮೇಲೆ ಬಾಗಿ ಕೂತು, ಒಂದಕ್ಷರ ಓದಲು ಬಾರದಿದ್ದರೂ, ಬಹಳ ಹೊತ್ತು ನೋಡಿದರು. ಅರ್ಜಿ ಹೇಗೆ ಬಂದಿತ್ತೋ ಹಾಗೇ ಪೆಟ್ಟಿಗೆಯಲ್ಲಿ ವಾಪಸು ಹೋಯಿತು.

ಮೇಡಂ ಮತ್ತೆ ನಾಲ್ಕು ವರ್ಷ ಆ ಮನೆಯಲ್ಲೇ ಇದ್ದು, ಅಲ್ಲೇ ಕಣ್ಣು ಮುಚ್ಚಿದರು. ಅವರನ್ನು ಗುಡ್ಡದ ಮೇಲೆ ಸಾಹೇಬರ ಪಕ್ಕದಲ್ಲಿ ಇಟ್ಟು ಬಂದ ಮೇಲೆ ನಾನು ಬೇರೆ ಮನೆಯ ಕೆಲಸ ಹಿಡಿಯಲಿಲ್ಲ. ಆ ನಾಲ್ಕು ವರ್ಷವೂ ಸಂಜೆ ನಾಲ್ಕಕ್ಕೆ ಅವರು ಚಮಚ ಹಿಡಿದು ಬರುವುದು ತಪ್ಪಲಿಲ್ಲ. ಒಂದು ತೊಟ್ಟು ಬಾಯಲ್ಲಿಟ್ಟು, ಕಣ್ಣು ತೆರೆದು ನನ್ನನ್ನೇ ನೋಡಿ, "ಸಾಕಾ, ಸದಾ?" ಎಂದು ಕೇಳುತ್ತಿದ್ದರು.

"ಸಾಕು ಮೇಡಂ," ಅನ್ನುತ್ತಿದ್ದೆ ನಾನು.